ಕುರಿ ಎಷ್ಟು ಸಲ ನೀರಿಗೆ ಬಂತು?

ಕೇಳುಗರಿಗೆ ನಮಸ್ಕಾರ. ಬೇಸಿಗೆಯಲ್ಲಿ ಬಳ್ಳಾರಿ ತಳಿಯ ಕುರಿ ಯಾವ ಹೊತ್ತಿಗೆ, ಎಷ್ಟು ಸಲ ತೊಟ್ಟಿಗೆ ಬಾಯಿ ಹಾಕುತ್ತದೆ? ದೊಡ್ಡಿಯ ಪಕ್ಕ ಕುಳಿತು ಗೀಟು ಹಾಕುತ್ತಾ ಹೋದರೆ, ಹೊಸಬರನ್ನು ಕಂಡ ಕುರಿ ನೀರಿಗೆ ಬರಲು ಹಿಂಜರಿಯುತ್ತದೆ. ಅದರ ಬದಲು ತೊಟ್ಟಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹಾಯಿಸಿ, ಮೂತಿ ಅದನ್ನು ತಡೆದಾಗಲೆಲ್ಲ ಲೆಕ್ಕ ಹಿಡಿಯಬಹುದು.

ಬೇಕಾದದ್ದು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, 940 ನ್ಯಾನೊಮೀಟರಿನ ಅವಕೆಂಪು (ಐಆರ್) ಎಲ್‌ಇಡಿ, ಟಿವಿಯೊಳಗೆ ರಿಮೋಟಿನ ಸಂಕೇತ ಹಿಡಿಯುವಂಥ ಟಿಎಸ್‌ಒಪಿ 1738 ರಿಸೀವರ್, ಲೆಕ್ಕ ಬರೆದಿಡಲು ಎಸ್‌ಡಿ ಕಾರ್ಡ್ ಮಾಡ್ಯೂಲ್, ಡಿಎಸ್ 3231 ಗಡಿಯಾರ. ಬೆಳಕು ಬಿದ್ದುದನ್ನಷ್ಟೇ ಅರಿಯುವ ಬರೀ ಫೋಟೊಟ್ರಾನ್ಸಿಸ್ಟರ್ ಇನ್ನೂ ಅಗ್ಗ. ಆದರೆ ನಮ್ಮ ಬಿಸಿಲಿಗೆ ಅದು ಕುರುಡಾಗುತ್ತದೆ. ಟಿಎಸ್‌ಒಪಿ 1738 ಮಾತ್ರ ಸೆಕೆಂಡಿಗೆ 38,000 ಸಲ ಮಿನುಗುವ ಬೆಳಕನ್ನು ಹುಡುಕಿ ಹಿಡಿಯುತ್ತದೆ. ಹಾಗಂತ ಎಡೆಬಿಡದೆ ಮಿನುಗಿಸಿದರೆ ಅದನ್ನೂ ಗದ್ದಲವೆಂದೇ ಬಗೆದು ಸುಮ್ಮನಾಗುತ್ತದೆ. 1 ಮಿಲಿಸೆಕೆಂಡ್ ಮಿನುಗಿಸಿ, 9 ಮಿಲಿಸೆಕೆಂಡ್ ಬಿಡುವು ಕೊಡಿ. ಮಿನುಗು ಮುಗಿಯುವ ಮುನ್ನವೇ ಔಟ್‌ಪುಟ್ ಓದಿ: ಲೋ, ಅಂದರೆ ವೋಲ್ಟೇಜ್ ಇಳಿದಿದ್ದರೆ ದಾರಿ ತೆರವು; ಹೈ, ಅಂದರೆ ಏರಿದ್ದರೆ ಅಡ್ಡ ಏನೋ ಇದೆ. ಬಿಡುವಿನಲ್ಲಿ ಓದಿದರೆ ಯಾವಾಗಲೂ ಹೈ.

ಹೆಚ್ಚಿನವರು ಸೋಲುವುದು ಇನ್ನೊಂದು ಕಡೆ. ಕುರಿ ತಲೆ ಹಾಕಿ ನಿಂತಿದೆ, ಸೆನ್ಸರ್ ಮಾತ್ರ ದಾರಿ ತೆರವು ಎನ್ನುತ್ತಿದೆ! ಕಾರಣ, 1738 ಬಹಳ ಸೂಕ್ಷ್ಮ. ತಗಡಿಗೋ ಸುಣ್ಣ ಬಳಿದ ಗೋಡೆಗೋ ಬಡಿದು ಸುತ್ತಿಬಂದ ಬೆಳಕೂ ಅದಕ್ಕೆ ಸಾಕು. ಎಲ್‌ಇಡಿಗೆ 220 ಓಮ್ ಬದಲು 1 ಕಿಲೊಓಮ್ ರೆಸಿಸ್ಟರ್ (ಕರೆಂಟ್ ತಡೆಯುವ ಬಿಡಿಭಾಗ) ಹಾಕಿ ಬೆಳಕು ತಗ್ಗಿಸಿ. ಎರಡೂ ತುದಿಗೆ 10 ಸೆಂಟಿಮೀಟರ್ ಉದ್ದದ, ಒಳಗೆ ಕಪ್ಪು ಬಳಿದ ಕೊಳವೆ ತೊಡಿಸಿ. ನೇರ ಬಿಸಿಲು ಬೀಳದಂತೆ ರಿಸೀವರನ್ನು ಉತ್ತರಕ್ಕೆ ಮುಖ ಮಾಡಿಸಿ.

ಕುಡಿಯುವಾಗ ಕುರಿ ತಲೆ ಎತ್ತುತ್ತದೆ, ಇಳಿಸುತ್ತದೆ. ಹಾಗಾಗಿ ಕಿರಣ 2 ಸೆಕೆಂಡಾದರೂ ತೆರವಾಗಿದ್ದ ಮೇಲೆಯೇ ಮುಂದಿನ ಭೇಟಿ ಎಣಿಸಿ. ತೊಟ್ಟಿಗೆ ಬಾಯಿ ಹಾಕುವ ಒಂದು ಕಿಂಡಿಗೆ ಒಂದೇ ತಲೆ ಹಿಡಿಸಬೇಕು. ಎರಡು ಮೂತಿ ಒಟ್ಟಿಗೆ ಬಂದರೆ ಕಿರಣಕ್ಕೆ ಗೊತ್ತಾಗದು. ಸಂಡೂರಿನ ಕಡೆಯ ಕೆಂಪು ಧೂಳು ಕೊಳವೆಯ ಬಾಯಿ ಮುಚ್ಚಿದರೂ ಸೆನ್ಸರಿಗೆ ಅದು ಕುರಿಯೇ. 10 ನಿಮಿಷ ಮೀರಿದ ತಡೆಯನ್ನು ಭೇಟಿಯೆನ್ನದೆ ದೋಷವೆಂದು ಬೇರೆಯೇ ಬರೆಸಿ.

ಊನೊದ ಸ್ವಂತ ಕಾಲ ದಿನಕ್ಕೆ ಕೆಲವು ನಿಮಿಷ ತಪ್ಪಬಹುದು. ಡಿಎಸ್ 3231 ಬೇಕಾದದ್ದು ಅದಕ್ಕೇ. ಅಗ್ಗದ ಮಾಡ್ಯೂಲುಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಮಾಡಬಾರದ ಮಾಮೂಲಿ ಸಿಆರ್ 2032 ಸೆಲ್ ಹಾಕುವುದಾದರೆ ಆ ಸರ್ಕ್ಯೂಟಿನ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಕಿತ್ತುಬಿಡಿ, ಇಲ್ಲವಾದರೆ ಸೆಲ್ ಉಬ್ಬೀತು. ಪವರ್ ಬ್ಯಾಂಕಿನಲ್ಲಿ ನಡೆಸುವವರು ಮೊದಲು ಒಂದು ತಾಸು ಕಾದು ನೋಡಿ: ಎಳೆಯುವ ಕರೆಂಟ್ ತೀರಾ ಕಡಿಮೆಯೆಂದು ಕೆಲವು ತಾವಾಗಿಯೇ ಆಫ್ ಆಗುತ್ತವೆ.