ಕೊಯ್ಲಿನವರೆಗೆ ಊಟ ಹೇಗೆ?

ನಮಸ್ಕಾರ ರೈತ ಬಾಂಧವರೇ. ಇವತ್ತು ನಾನು ಹೇಳುವುದು ಒಂದೇ ಮಾತು. ಭತ್ತಕ್ಕೆ ಯಾವುದೇ ಹೊಸ ಯೋಜನೆ ಬರಲಿ, ಎಕರೆಗೆ ಎಷ್ಟು ಕ್ವಿಂಟಲ್ ಅಂತ ಕೇಳುವ ಮೊದಲು, ಕೊಯ್ಲಿನವರೆಗೆ ಆ ಮನೆಯ ಊಟ ಹೇಗೆ ಅಂತ ಕೇಳಬೇಕು.

ಭತ್ತ ಬೆಳೆಯುವ ಒಂದು ಕ್ರಮಕ್ಕೆ ನಾವು ‘ಶ್ರೀ ಪದ್ಧತಿ’ ಅನ್ನುತ್ತೇವಲ್ಲ, ಅದು ಹುಟ್ಟಿದ್ದು ಆಫ್ರಿಕಾದ ಪಕ್ಕದ ದ್ವೀಪ ದೇಶ ಮಡಗಾಸ್ಕರ್‌ನಲ್ಲಿ. ಅಲ್ಲಿನವರು ದಿನಕ್ಕೆ ಮೂರು ಹೊತ್ತೂ ಅನ್ನ ಉಣ್ಣುವವರು. ಪಾತ್ರೆಯ ತಳ ಹಿಡಿದ ಅನ್ನಕ್ಕೂ ನೀರು ಹಾಕಿ ಕುದಿಸಿ ಕುಡಿಯುತ್ತಾರೆ. ಆ ದೇಶದ ಆಂತ್ಸಿರಾಬೆ ಊರಿನಲ್ಲಿ ಆನ್ರಿ ದ ಲೊಲಾನಿಯೆ ಎಂಬ ಫ್ರೆಂಚ್ ಪಾದ್ರಿ ರೈತರ ಮಕ್ಕಳಿಗೆ ಕೃಷಿ ಕಲಿಸುತ್ತಿದ್ದರು. 1983ರಲ್ಲಿ ಮಳೆಯ ಲೆಕ್ಕ ತಪ್ಪಿತು. ಬಲಿತ ಸಸಿಯ ಜೊತೆಗೆ ಬರೀ 15 ದಿನದ ಎಳೆ ಸಸಿಯನ್ನೂ ನಾಟಿ ಮಾಡಬೇಕಾಯಿತು. ಆ ಗದ್ದೆ ನೋಡಿದರೆ ಯಾರಿಗೂ ಭರವಸೆ ಬರುವಂತಿರಲಿಲ್ಲ. ಆಮೇಲೆ ನೋಡಿ, ಒಂದೊಂದು ಬುಡದಲ್ಲಿ 20ಕ್ಕೂ ಜಾಸ್ತಿ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು! ಹೊಸ ತಳಿಯಲ್ಲ, ಏನಿಲ್ಲ. ಎಳೆ ಸಸಿ, ಒಂದೊಂದೇ ಸಸಿ, ನಡುವೆ ಧಾರಾಳ ಜಾಗ, ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಒಣಗಿಸುವುದು. ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಇದು ಪ್ರಪಂಚವೆಲ್ಲ ಸುತ್ತಿ ನಮ್ಮೂರಿಗೂ ಬಂತು.

ಆದರೆ ಅದೇ ಮಡಗಾಸ್ಕರ್‌ನಲ್ಲಿ ಎಷ್ಟೋ ಬಡ ರೈತರು ಇದನ್ನು ಕಲಿತು, ಮಾಡಿ, ಆಮೇಲೆ ಕೈಬಿಟ್ಟರು. ಸೋಮಾರಿತನ ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ನಾಟಿಯ ಹೊತ್ತಿಗೆ ಆ ಮನೆಗಳಲ್ಲಿ ಹಿಂದಿನ ಬೆಳೆಯ ಅಕ್ಕಿ ಮುಗಿದಿರುತ್ತದೆ. ಸಂಜೆ ಒಲೆ ಹಚ್ಚಬೇಕಾದರೆ ಬೆಳಿಗ್ಗೆ ಇನ್ನೊಬ್ಬರ ಗದ್ದೆಗೆ ಕೂಲಿಗೆ ಹೋಗಬೇಕು. ಈ ಪದ್ಧತಿಯೋ, ಅದೇ ವಾರಗಳಲ್ಲಿ ಸ್ವಂತ ಗದ್ದೆಯಲ್ಲಿ ಜಾಸ್ತಿ ದುಡಿಮೆ ಕೇಳುತ್ತದೆ. ಎಳೆ ಸಸಿಯನ್ನು ಜೋಪಾನವಾಗಿ ನೆಡಬೇಕು, ನೀರು ನಿಲ್ಲದ ಗದ್ದೆಯಲ್ಲಿ ಕಳೆಯೂ ಬೇಗ ಬರುತ್ತದೆ. ಇಳುವರಿ ಸಿಗುವುದು ತಿಂಗಳುಗಳ ನಂತರ. ಹಸಿವು ಅಲ್ಲಿಯವರೆಗೆ ಕಾಯುತ್ತದೆಯಾ?

ಹಾಗಾಗಿ ಮತ್ತೆ ಹೇಳುತ್ತೇನೆ, ಕೊಯ್ಲಿನವರೆಗೆ ಊಟ ಹೇಗೆ? ತರಬೇತಿ, ಬೀಜ, ಕಳೆ ಯಂತ್ರ ಎಲ್ಲ ಕೊಟ್ಟು ಇದೊಂದನ್ನು ಬಿಟ್ಟರೆ ಯೋಜನೆ ಸಿಗುವುದು ಕಣಜದಲ್ಲಿ ಅಕ್ಕಿ ಇರುವವರಿಗೆ ಮಾತ್ರ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಮಡಗಾಸ್ಕರ್‌ನಲ್ಲಿ ಊರಿನ ಉಗ್ರಾಣದಲ್ಲಿ ಭತ್ತ ಅಡವಿಟ್ಟು ಸಾಲ ಪಡೆಯುವ ವ್ಯವಸ್ಥೆಯೂ ಇದೆ. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರುವುದು ತಪ್ಪುತ್ತದೆ. ಅಭಾವದ ತಿಂಗಳಲ್ಲಿ ಸಾಲ ತೀರಿಸಿ ಭತ್ತ ಬಿಡಿಸಿಕೊಳ್ಳಬಹುದು. ನಿಮ್ಮೂರಿಗೆ ಅಧಿಕಾರಿಗಳು ಹೊಸ ಪದ್ಧತಿ ಹಿಡಿದು ಬಂದರೆ, ಇಂಥದ್ದು ಅದರಲ್ಲಿ ಇದೆಯಾ ಅಂತ ಕೇಳಿ. ಸಂಕೋಚ ಬೇಡ.