ಕತ್ತಿನ ಮೇಲ್ತುದಿಯಲ್ಲಿ ಮೂಳೆ ಮುರಿದಾಗ

ಕೇಳುಗರಿಗೆ ನಮಸ್ಕಾರ.

ಬಿದ್ದೋ ವಾಹನ ಅಪಘಾತದಲ್ಲೋ ಪೆಟ್ಟಾದವರ ಸ್ಕ್ಯಾನ್ ನೋಡಿ ವೈದ್ಯರು ‘ಕತ್ತಿನ ಮೂಳೆ ಮುರಿದಿದೆ’ ಎಂದರೆ ಮನೆಯವರು ಕುಸಿದುಹೋಗುತ್ತಾರೆ. ಆದರೆ ರೋಗಿ ಕೈಕಾಲು ಆಡಿಸುತ್ತಾ ಮಾತಾಡುತ್ತಾ ಇರುತ್ತಾರೆ. ಹಾಗಾದರೆ ಏನೂ ಆಗಿಲ್ಲವೇ? ಆಪರೇಷನ್ ಬೇಕೇ, ಕೊರಳಪಟ್ಟಿ ಸಾಕೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಮುರಿತದ ವಿಂಗಡಣೆಯಿಂದ.

ಕುತ್ತಿಗೆಯ ಏಳು ಕಶೇರುಮಣಿಗಳಲ್ಲಿ ಮೇಲಿನ ಎರಡರ ರಚನೆಯೇ ಬೇರೆ. ಮೊದಲನೆಯದು ಅಟ್ಲಾಸ್. ಉಂಗುರದಾಕಾರದ ಆ ಮೂಳೆಯ ಮೇಲೆ ತಲೆಬುರುಡೆ ಕೂತಿದೆ. ಎರಡನೆಯದು ಆಕ್ಸಿಸ್. ಅದರಿಂದ ಗೂಟದಂತೆ ಮೇಲೆದ್ದ ಒಡಾಂಟಾಯ್ಡ್ ಎಂಬ ಭಾಗ ಆ ಉಂಗುರದೊಳಗೆ ನಿಂತಿದೆ. ಅದು ಹಿಂದಕ್ಕೆ ಸರಿದು ಬೆನ್ನುಹುರಿಯನ್ನು ಒತ್ತದಂತೆ ಒಂದು ಗಟ್ಟಿ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ನಾರಿನ ಪಟ್ಟಿ, ಅಡ್ಡಲಾಗಿ ಬಿಗಿದಿದೆ. ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸುವ ಚಲನೆಯ ಸುಮಾರು ಅರ್ಧದಷ್ಟು ಈ ಎರಡು ಮಣಿಗಳ ನಡುವೆಯೇ ಆಗುತ್ತದೆ.

ಅಟ್ಲಾಸ್ ಮಟ್ಟದಲ್ಲಿ ಉಂಗುರದ ಒಳಜಾಗದ ಮೂರರಲ್ಲೊಂದು ಪಾಲು ಒಡಾಂಟಾಯ್ಡ್‌ಗೆ, ಇನ್ನೊಂದು ಪಾಲು ಬೆನ್ನುಹುರಿಗೆ. ಉಳಿದ ಪಾಲು ಖಾಲಿ. ಈ ಖಾಲಿ ಜಾಗವೇ ಎಷ್ಟೋ ಜನರ ಜೀವ ಉಳಿಸಿದೆ. ಮೂಳೆ ಮುರಿದರೂ ಅವರಿಗೆ ಲಕ್ವ ಹೊಡೆಯುವುದಿಲ್ಲ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಈ ಮಟ್ಟದಲ್ಲಿ ಬೆನ್ನುಹುರಿಗೆ ತೀವ್ರ ಪೆಟ್ಟಾದರೆ ಉಸಿರಾಟವೇ ನಿಲ್ಲಬಹುದು.

ಅಟ್ಲಾಸ್ ಒಡೆಯುವ ಬಗೆಯನ್ನು 1920ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೆಫ್ರಿ ಜೆಫರ್‌ಸನ್ ವಿವರಿಸಿದರು. ತಲೆಯ ಮೇಲೆ ನೇರವಾಗಿ ಭಾರ ಬಿದ್ದಾಗ, ಉದಾಹರಣೆಗೆ ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಧುಮುಕಿದಾಗ, ಉಂಗುರ ಸಿಡಿದು ತುಂಡುಗಳು ಹೊರಕ್ಕೆ ಸರಿಯುತ್ತವೆ. ಇಲ್ಲಿ ತುಂಡುಗಳನ್ನು ಎಣಿಸುವುದಕ್ಕಿಂತ ಮುಖ್ಯವಾದದ್ದು ಆ ಅಡ್ಡ ಲಿಗಮೆಂಟ್ ಉಳಿದಿದೆಯೇ ಎಂಬುದು. ಉಳಿದಿದ್ದರೆ ಗಟ್ಟಿ ಕಾಲರ್, ಅಂದರೆ ಕೊರಳಪಟ್ಟಿ, ಸಾಮಾನ್ಯವಾಗಿ ಸಾಕು. ಲಿಗಮೆಂಟ್ ತನ್ನ ಬುಡದ ಮೂಳೆಯ ಚೂರನ್ನೇ ಕಿತ್ತುಕೊಂಡು ಬಂದಿದ್ದರೆ, ಮೂಳೆಗೆ ಮೂಳೆ ಕೂಡುವ ಅವಕಾಶವಿದೆ. ಕತ್ತನ್ನು ಅಲುಗದಂತೆ ಹಿಡಿದಿಟ್ಟು ಕಾಯಬಹುದು. ನಡುವೆಯೇ ಹರಿದಿದ್ದರೆ ಅದು ತಾನಾಗಿ ಕೂಡುವ ಭರವಸೆ ಇಲ್ಲ. ಶಸ್ತ್ರಚಿಕಿತ್ಸೆಯ ಕಡೆಗೇ ಒಲವು. ಸಿ.ಟಿ. ಸ್ಕ್ಯಾನ್ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ, ಲಿಗಮೆಂಟನ್ನಲ್ಲ. ಅದಕ್ಕೇ ಎಂ.ಆರ್.ಐ. ಕೂಡ ಮಾಡಿಸಲು ಹೇಳುವುದು. ದಯವಿಟ್ಟು ಅದನ್ನು ಅನಗತ್ಯ ಖರ್ಚೆಂದು ತಿಳಿಯಬೇಡಿ.

ಒಡಾಂಟಾಯ್ಡ್ ಮುರಿತಕ್ಕೆ 1974ರಲ್ಲಿ ಆಂಡರ್ಸನ್ ಮತ್ತು ಡಿ’ಅಲೊಂಜೊ ಮಾಡಿದ ವಿಂಗಡಣೆಯನ್ನು ಇಂದಿಗೂ ಬಳಸುತ್ತೇವೆ. ತುದಿ ಮುರಿದರೆ ಒಂದನೇ ಬಗೆ. ಅಪರೂಪದ್ದು, ಆದರೆ ತಲೆಬುರುಡೆಯ ಹಿಡಿತವೇ ಸಡಿಲವಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬಿರುಕು ಕೆಳಗಿನ ದಪ್ಪ ಮೂಳೆಗೆ ಇಳಿದಿದ್ದರೆ ಮೂರನೇ ಬಗೆ. ಅಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಬಹುತೇಕ ತಾನೇ ಕೂಡಿಕೊಳ್ಳುತ್ತದೆ. ನಮಗೆ ಚಿಂತೆ ಹಚ್ಚುವುದು ಬುಡದಲ್ಲಿ ಅಡ್ಡಲಾಗಿ ಮುರಿಯುವ ಎರಡನೇ ಬಗೆ. ಅತಿ ಹೆಚ್ಚಾಗಿ ಕಾಣುವುದೂ ಅದೇ, ಕೂಡದೆ ಸತಾಯಿಸುವುದೂ ಅದೇ. ತುಂಡು 5–6 ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ, ರೋಗಿಗೆ ವಯಸ್ಸು 50 ದಾಟಿದ್ದರೆ, ಚಿಕಿತ್ಸೆ ತಡವಾಗಿದ್ದರೆ ಕೂಡುವ ಸಾಧ್ಯತೆ ಕುಗ್ಗುತ್ತದೆ.

ಆಪರೇಷನ್ ಎಂದು ತೀರ್ಮಾನಿಸಿದ ಮೇಲೂ ಬಿರುಕು ಯಾವ ಕಡೆಗೆ ಓರೆಯಾಗಿದೆ ಎಂದು ನೋಡಬೇಕು. ಮುಂದಿನಿಂದ ಹಿಂದಕ್ಕೆ ಕೆಳಮುಖವಾಗಿ ಇಳಿದಿದ್ದರೆ ಮುಂಭಾಗದಿಂದ ಒಂದು ಸ್ಕ್ರೂ ಹಾಕಿ ತುಂಡನ್ನು ಬಿಗಿಯಬಹುದು. ಕತ್ತು ಹೊರಳುವುದು ಉಳಿಯುತ್ತದೆ. ಓರೆ ಅದಕ್ಕೆ ವಿರುದ್ಧವಾಗಿದ್ದರೆ ಅದೇ ಸ್ಕ್ರೂ ತುಂಡನ್ನು ಜಾರಿಸಿಬಿಡುತ್ತದೆ. ಆಗ ಹಿಂಭಾಗದಿಂದ ಎರಡೂ ಮಣಿಗಳನ್ನು ಸೇರಿಸಿ ಬೆಸೆಯುತ್ತೇವೆ. ಕತ್ತು ಭದ್ರವಾಗುತ್ತದೆ, ಆದರೆ ಹೊರಳುವ ಶಕ್ತಿಯಲ್ಲಿ ಅರ್ಧದಷ್ಟು ಹೋಗುತ್ತದೆ. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು.

ಆಕ್ಸಿಸ್‌ನ ಹಿಂಬದಿಯ ಎರಡೂ ಕಡೆ ಮುರಿಯುವುದು ಇನ್ನೊಂದು ಬಗೆ. ಅದನ್ನು ಲೆವಿನ್ ಮತ್ತು ಎಡ್ವರ್ಡ್ಸ್ 1985ರಲ್ಲಿ ವಿಂಗಡಿಸಿದರು. ಮೂಳೆ 3 ಮಿಲಿಮೀಟರ್‌ಗಿಂತ ಕಡಿಮೆ ಸರಿದು, ಬಾಗದೆ ಇದ್ದರೆ ಕಾಲರ್ ಸಾಕು. ಹೆಚ್ಚು ಸರಿದು ಬಾಗಿದ್ದರೆ ತೂಕ ಕಟ್ಟಿ ಎಳೆದು ಸರಿಪಡಿಸುವುದುಂಟು. ಆದರೆ ಸರಿದದ್ದು ಅಲ್ಪ, ಬಾಗಿದ್ದು ಬಹಳ ಎನ್ನುವ ಒಂದು ಉಪಬಗೆಯಿದೆ. ಅಲ್ಲಿ ಎಳೆದರೆ ಮುರಿತ ಇನ್ನಷ್ಟು ಬಾಯ್ದೆರೆಯುತ್ತದೆ. ಮೇಲ್ನೋಟಕ್ಕೆ ಒಂದೇ ಥರ ಕಾಣುವ ಎರಡು ಮುರಿತಗಳಲ್ಲಿ ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಅಪಾಯ! ವಿಂಗಡಣೆ ಪುಸ್ತಕದ ಪಾಂಡಿತ್ಯವಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಚೆಗೆ ಬೆನ್ನುಮೂಳೆ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಎ.ಒ. ಸ್ಪೈನ್ ಕತ್ತಿನ ಇಡೀ ಮೇಲ್ಭಾಗಕ್ಕೆ ವಿಂಗಡಣೆಯ ಒಂದೇ ಪದ್ಧತಿ ರೂಪಿಸಿದೆ. ಬರೀ ಮೂಳೆ ಮುರಿದಿದ್ದರೆ ಎ. ಮೂಳೆ ಸ್ಥಾನ ಬಿಡದೆ ಲಿಗಮೆಂಟ್‌ಗೆ ಪೆಟ್ಟಾಗಿದ್ದರೆ ಬಿ. ಸ್ಥಾನ ಬಿಟ್ಟು ಸರಿದಿದ್ದರೆ ಸಿ. ಜೊತೆಗೆ ನರಗಳ ಸ್ಥಿತಿ, ಮಿದುಳಿಗೆ ಹೋಗುವ ರಕ್ತನಾಳದ ಪೆಟ್ಟು, ಮುರಿತ ಕೂಡದೆ ಹೋಗುವ ಸಂಭವ, ರೋಗಿಯ ಇತರ ಕಾಯಿಲೆಗಳು ಇವನ್ನೂ ಗುರುತಿಸುತ್ತಾರೆ.

ಆ ಕೊನೆಯ ಅಂಶ ವೃದ್ಧರಲ್ಲಿ ಬಹಳ ಮುಖ್ಯ. ಹಾಸಿಗೆಯಿಂದ ಏಳುವಾಗ ಬಿದ್ದರೂ ಸಾಕು, ಒಡಾಂಟಾಯ್ಡ್‌ನ ಎರಡನೇ ಬಗೆಯ ಮುರಿತ ಆಗಬಹುದು. ತಲೆಬುರುಡೆಗೆ ಪಿನ್ನು ಬಿಗಿದು ಎದೆಯ ಕವಚಕ್ಕೆ ಜೋಡಿಸುವ ಹೇಲೋ ಯುವಕರಿಗೆ ಒಗ್ಗೀತು. ಹಿರಿಯರಲ್ಲಿ ಅದು ನುಂಗಲು ತೊಂದರೆ ಕೊಟ್ಟು ನ್ಯುಮೋನಿಯಾಕ್ಕೆ ದಾರಿಯಾಗಬಹುದು. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇಲ್ಲದ ಹಿರಿಯರಿಗೆ ಕಾಲರ್ ಒಂದನ್ನೇ ಹಾಕಿ ನೋಡುವುದುಂಟು. ಮೂಳೆ ಪೂರ್ತಿ ಕೂಡದೆ ನಾರಿನಂಥ ಅಂಗಾಂಶದಿಂದಷ್ಟೇ ಬೆಸೆದುಕೊಂಡರೂ, ಅದು ಅಲುಗದಿದ್ದರೆ, ನೋವಿಲ್ಲದಿದ್ದರೆ, ಅವರಿಗೆ ಅದನ್ನೇ ಒಳ್ಳೆಯ ಫಲವೆಂದು ಒಪ್ಪುತ್ತೇವೆ.

ನಿಮ್ಮವರಿಗೆ ಹೀಗಾದರೆ ವೈದ್ಯರನ್ನು ಕೇಳಿ: ಲಿಗಮೆಂಟ್ ಉಳಿದಿದೆಯೇ? ಮೂಳೆ ಎಷ್ಟು ಸರಿದಿದೆ? ತಾನಾಗಿ ಕೂಡುವ ಸಂಭವ ಎಷ್ಟು? ಕಾಲರ್ ಹಾಕಿದ್ದರೆ ಮುಂದಿನ ಎಕ್ಸ್‌ರೇ ಯಾವಾಗ? ಆ ದಿನ ತಪ್ಪಿಸಬೇಡಿ. ಸರಿಯದೆ ನಿಂತ ಮೂಳೆ ಆಮೇಲೆ ಸರಿದದ್ದು ಗೊತ್ತಾಗುವುದು ಆ ಎಕ್ಸ್‌ರೇಯಲ್ಲೇ.

ನಮಸ್ಕಾರ.