ಮೊದಲು ಭಾರ, ಆಮೇಲೆ ನಡಿಗೆ

ಕೇಳುಗರಿಗೆ ನಮಸ್ಕಾರ. ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು ನೋಡಿ. ಮಿಡಿಯುತ್ತಿದೆ ಅಲ್ವಾ? ರಕ್ತ ಹರಿದು ಬಂದು ಬೆರಳಿಗೆ ತಾಗುತ್ತಿದೆ ಅಂತ ಅನಿಸುತ್ತದೆ. ಅದು ಹಾಗಲ್ಲ. ಹೃದಯ ಹಿಂಡಿದಾಗ ನಾಳದ ಗೋಡೆಯುದ್ದಕ್ಕೂ ಏಳುವ ಅಲೆ ಅದು. ರಕ್ತಕ್ಕಿಂತ ಎಷ್ಟೋ ಬೇಗ ಓಡುತ್ತದೆ. ನಾಳ ಮೆತ್ತಗಿದ್ದಷ್ಟೂ ಅಲೆ ನಿಧಾನ. ಕುತ್ತಿಗೆಯಿಂದ ತೊಡೆಸಂದಿಯವರೆಗೆ ಅಳೆದಾಗ ಅದರ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ, ನಾಳ ಬಿಗಿಯಾಗಿದೆ ಅಂತ ವೈದ್ಯರು ಲೆಕ್ಕ ಹಾಕುತ್ತಾರೆ.

ಈ ಬಿಗಿತಕ್ಕೆ ನಡಿಗೆ ಒಳ್ಳೆಯ ಮದ್ದು. ಬಿರುಸಾಗಿ ನಡೆದಾಗ, ಸೈಕಲ್ ತುಳಿದಾಗ ರಕ್ತ ಜೋರಾಗಿ ಹರಿದು ನಾಳದ ಒಳಪದರವನ್ನು ಉಜ್ಜುತ್ತದೆ. ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಸಡಿಲವಾಗುತ್ತದೆ. ನಾಳಗಳಿಗೆ ಹೀಗೆ ಸುದ್ದಿ ಮುಟ್ಟಿಸುವುದು ಒಂದು ಅನಿಲ ಅಂತ ತೋರಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಹಾಗಾದರೆ ಭಾರ ಎತ್ತುವುದು ಯಾಕೆ? ವಯಸ್ಸಾದಂತೆ ಸ್ನಾಯು ಕರಗುತ್ತದೆ. ಊಟದಿಂದ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಆ ಸ್ನಾಯುವೇ. ಅದು ಕಮ್ಮಿಯಾಗಿ ರಕ್ತದಲ್ಲಿ ಸಕ್ಕರೆ ಏರಿದರೆ ಕೊನೆಗೆ ಪೆಟ್ಟು ಬೀಳುವುದು ನಾಳಕ್ಕೆ. ಬರೀ ನಡಿಗೆಯಿಂದ ಸ್ನಾಯು ಅಷ್ಟಾಗಿ ಉಳಿಯುವುದಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಉಸಿರು ಬಿಗಿಹಿಡಿದು ಭಾರೀ ತೂಕ ತಳ್ಳುವಾಗ ರಕ್ತದೊತ್ತಡ ಆ ಕ್ಷಣಕ್ಕೆ 300 ದಾಟಿದ್ದೂ ದಾಖಲಾಗಿದೆ. ತಿಂಗಳುಗಟ್ಟಲೆ ಬರೀ ಭಾರೀ ತೂಕವನ್ನೇ ಎತ್ತಿದ ಆರೋಗ್ಯವಂತ ಯುವಕರ ಕುತ್ತಿಗೆಯ ನಾಳ ಸ್ವಲ್ಪ ಬಿಗಿಯಾಗಿದ್ದನ್ನು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡಿತು. ಗಾಬರಿ ಬೇಡ, ಎತ್ತುವುದನ್ನು ನಿಲ್ಲಿಸಿದ ಮೇಲೆ ಅದು ಮೊದಲಿನಂತಾಯಿತು. ಹದವಾದ ತೂಕ ಎತ್ತಿದವರಲ್ಲಿ ಇಂಥ ಬಿಗಿತ ಕಾಣದ ಅಧ್ಯಯನಗಳೂ ಇವೆ.

ನನಗೆ ತುಂಬಾ ಹಿಡಿಸಿದ್ದು 2007ರಲ್ಲಿ ಬಂದ ಇನ್ನೊಂದು ಪ್ರಯೋಗ. ಎರಡೂ ಗುಂಪಿನವರು ಓಡಿದರು, ತೂಕವನ್ನೂ ಎತ್ತಿದರು. ಒಂದು ಗುಂಪು ಮೊದಲು ಓಡಿತು, ಇನ್ನೊಂದು ಕೊನೆಯಲ್ಲಿ ಓಡಿತು. ನಾಳಗಳಿಗೆ ಜಾಸ್ತಿ ಒಳ್ಳೆಯದಾಗಿದ್ದು ಕೊನೆಯಲ್ಲಿ ಓಡಿದವರಿಗೆ! ಸಣ್ಣ ಪ್ರಯೋಗ, ನಿಜ. ಆದರೆ ಹಾಗೆ ಮಾಡಿ ನೋಡಲು ನಮಗೆ ಖರ್ಚೇನೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ. ಮಧ್ಯಮ ವೇಗ ಅಂದರೆ ಮಾತಾಡಬಹುದು, ಹಾಡಲು ಆಗಬಾರದು. ಸ್ನಾಯುಗಳಿಗೆ ಜಿಮ್ಮೇ ಬೇಕು ಅಂತೇನಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ, ಗೋಡೆಗೆ ಕೈಕೊಟ್ಟು ತಳ್ಳಿ, ನೀರು ತುಂಬಿದ ಬಾಟಲಿ ಎತ್ತಿ. ಬಿಪಿ ಏರಿದ್ದರೆ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮರೆತುಹೋಗುತ್ತದೆ ಅಂತಾದರೆ ಎತ್ತುವಾಗ ಗಟ್ಟಿಯಾಗಿ ಎಣಿಸಿ. ಎಣಿಸುವ ಬಾಯಲ್ಲಿ ಉಸಿರು ಹಿಡಿಯಲು ಆಗುವುದಿಲ್ಲ. ಹತ್ತೋ ಹನ್ನೆರಡೋ ಸಲ ಆದ ಮೇಲೆ ತೂಕ ಕೆಳಗಿಡಿ, ಚಪ್ಪಲಿ ಮೆಟ್ಟಿ, ಹೊರಗೆ ಹೊರಡಿ. ನಮಸ್ಕಾರ.